ಒಂದೇ ‘ಸೆಟ್’, ನೂರೆಂಟು ಅರ್ಥ

ಹಾಸನ ತಾಲ್ಲೂಕಿನ ದುದ್ದದ ಸುತ್ತಿನ ಹಳ್ಳಿಗಳಲ್ಲಿ ಇಂಗ್ಲಿಷ್ ಕಲಿಯದವರ ಬಾಯಲ್ಲೂ ಸಲೀಸಾಗಿ ಹೊರಳುವ ಇಂಗ್ಲಿಷ್ ಪದವೊಂದಿದೆ: ಅದು ‘ಸೆಟ್’. ತೋಟಕ್ಕೆ ನೀರು ಹಾಯಿಸಲು ಪಂಪ್‌ಸೆಟ್ ಬೇಕು. ಹೋಟೆಲಿನಲ್ಲಿ ಸೆಟ್ ದೋಸೆ ಸಿಗುತ್ತದೆ. ಮನೆಗೆ ಮೋಲ್ಡ್ ಹಾಕಿದ ಮೇಸ್ತ್ರಿ ‘ಇನ್ನೂ ಸೆಟ್ ಆಗಿಲ್ಲ, ಹತ್ತಬೇಡಿ’ ಎನ್ನುತ್ತಾನೆ. ಇಷ್ಟು ಪರಿಚಿತವಾದ ಈ ಪದವೇ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಗೆ ಸೇರಿದ ಮಕ್ಕಳನ್ನು ಕಂಗೆಡಿಸುತ್ತದೆ!

ಪ್ರಥಮ ಪಿಯುಸಿ ಗಣಿತ ಪುಸ್ತಕದ ಮೊದಲ ಅಧ್ಯಾಯವೇ ‘ಸೆಟ್ಸ್’. ‘ಸೆಟ್ ಎಂದರೆ ಇಡು’ ಎಂದಷ್ಟೇ ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಮೊದಲ ಪುಟದಲ್ಲೇ ಗೊಂದಲ. ಗಣಿತದಲ್ಲಿ ಸೆಟ್ ಎಂದರೆ ಗಣ. ಅಂದರೆ ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂದು ಖಚಿತವಾಗಿ ಹೇಳಬಹುದಾದ ಸಮೂಹ. ದುದ್ದ ಹೋಬಳಿಯ ಊರುಗಳು ಒಂದು ಗಣ. ದುದ್ದದ ಒಳ್ಳೆಯ ಹುಡುಗರು ಗಣವಲ್ಲ. ಏಕೆಂದರೆ ಒಳ್ಳೆಯವರು ಯಾರೆಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ!

ಈ ಪದದ ವ್ಯಾಪ್ತಿ ಅಚ್ಚರಿ ಹುಟ್ಟಿಸುವಂಥದು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅತಿ ದೀರ್ಘ ವಿವರಣೆ ಪಡೆದ ಪದ ಇದೇ. ಕ್ರಿಯಾಪದವಾಗಿಯೇ ಸುಮಾರು 430 ಅರ್ಥಗಳು. ವಿವರಣೆಗೆ ಸುಮಾರು 60,000 ಪದಗಳು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದವು 645 ಅರ್ಥಗಳೊಂದಿಗೆ ಇದನ್ನು ಹಿಂದಿಕ್ಕಿತು.

ಇಷ್ಟೊಂದು ಅರ್ಥ ಬಂದುದಾದರೂ ಹೇಗೆ? ‘ಸೆಟ್’ ಕ್ರಿಯಾಪದದ ಮೂಲಾರ್ಥ ‘ಕೂರಿಸು’. ಅದು ‘ಸಿಟ್’ ಪದದ ಒಡಹುಟ್ಟು. ಕಲ್ಲು ಕೂರಿಸಿದಂತೆ ಗಡಿಯಾರದ ಮುಳ್ಳನ್ನು ಕೂರಿಸುವುದು, ಮುರಿದ ಮೂಳೆಯನ್ನು ಕೂರಿಸುವುದು ಎಲ್ಲವೂ ಅಲ್ಲಿಂದಲೇ ಕವಲೊಡೆದವು. ‘ಗುಂಪು’ ಎಂಬ ಅರ್ಥದ ಸೆಟ್ ಬಂದದ್ದು ಬೇರೆ ದಾರಿಯಿಂದ. ಲ್ಯಾಟಿನ್ನಿನ ‘ಸೆಕ್ಟ’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ಇದರೊಡನೆ ಬೆರೆಯಿತು. ಹಾಸನದ ರೈತರು ಬಿತ್ತುವ ಆಲೂಗಡ್ಡೆಯ ಬಿತ್ತನೆ ಗೆಡ್ಡೆಗೂ ಇಂಗ್ಲಿಷಿನಲ್ಲಿ ಸೆಟ್ ಎನ್ನುವುದುಂಟು!

ಇದನ್ನು ಕಂಡು ಮಕ್ಕಳು ಹೆದರಬೇಕಿಲ್ಲ. ನಮ್ಮ ‘ಕಟ್ಟು’ ಪದವನ್ನೇ ನೋಡಿ. ಹಸು ಕಟ್ಟುತ್ತೇವೆ, ಮನೆ ಕಟ್ಟುತ್ತೇವೆ, ಫೀಸು ಕಟ್ಟುತ್ತೇವೆ. ಮೂಗು ಕಟ್ಟುತ್ತದೆ, ಆಲೂಗಡ್ಡೆ ಗೆಡ್ಡೆ ಕಟ್ಟುತ್ತದೆ. ಸಂತೆಯಿಂದ ಸೊಪ್ಪಿನ ಕಟ್ಟು ತರುತ್ತೇವೆ. ಇವನ್ನೆಲ್ಲ ಯಾವ ಮಗುವೂ ಪಟ್ಟಿ ಮಾಡಿ ಉರುಹೊಡೆಯಲಿಲ್ಲ. ಅಕ್ಕಪಕ್ಕದ ಮಾತು ನೋಡಿ ಅರ್ಥ ಹಿಡಿಯಿತು. ಇಂಗ್ಲಿಷಿಗೂ ಅದೇ ದಾರಿ.

ಪದ ಎದುರಾದಾಗ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಮೊದಲನೆಯದು, ಅದು ನಾಮಪದವೇ, ಕ್ರಿಯಾಪದವೇ? ‘ಎ ಸೆಟ್ ಆಫ್ ಬುಕ್ಸ್’ ಎಂದರೆ ಪುಸ್ತಕಗಳ ಕಂತೆ. ಎರಡನೆಯದು, ಅದರ ಬೆನ್ನಿಗೆ ಬಂದ ಪುಟ್ಟ ಪದ ಯಾವುದು? ‘ಸೆಟ್ ಔಟ್’ ಎಂದರೆ ಹೊರಡು, ‘ಸೆಟ್ ಅಪ್’ ಎಂದರೆ ಸ್ಥಾಪಿಸು. ಮೂರನೆಯದು, ಯಾವುದರ ಬಗ್ಗೆ ಮಾತು? ಹಣವನ್ನು ‘ಸೆಟ್ ಅಸೈಡ್’ ಮಾಡಿದರೆ ಅದು ಎತ್ತಿಟ್ಟ ಗಂಟು. ಮೇಲಿನ ನ್ಯಾಯಾಲಯ ಕೆಳಗಿನ ತೀರ್ಪನ್ನು ‘ಸೆಟ್ ಅಸೈಡ್’ ಮಾಡಿದರೆ ಅದು ರದ್ದು! ಇನ್ನೊಂದು ಎಚ್ಚರಿಕೆ: ಭೂತಕಾಲದಲ್ಲೂ ಇದರ ರೂಪ ಬದಲಾಗದು. ‘ಸೆಟ್ಟೆಡ್’ ಎಂದು ಬರೆದರೆ ಅಂಕ ಹೋದಂತೆಯೇ.

ತಂದೆತಾಯಂದಿರು ‘ಇವತ್ತು ಎಷ್ಟು ಪದ ಕಲಿತೆ?’ ಎಂದು ಕೇಳುವ ಬದಲು ‘ಆ ಪದವನ್ನು ಯಾವ ವಾಕ್ಯದಲ್ಲಿ ಕಂಡೆ?’ ಎಂದು ಕೇಳಲಿ. ಅವರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮಗು ಆ ವಾಕ್ಯವನ್ನು ಕನ್ನಡದಲ್ಲಿ ವಿವರಿಸಿ, ಅದು ಅವರಿಗೆ ಅರ್ಥವಾದರೆ, ಪದ ಮಗುವಿನ ತಲೆಯಲ್ಲಿ ಸರಿಯಾಗಿ ‘ಸೆಟ್’ ಆಗಿದೆ ಎಂದೇ ತಿಳಿಯಬಹುದು.