ಉಪಗ್ರಹ ಅಳೆಯುವುದು ಯಾವ ಉಷ್ಣತೆ?

ಬೇಸಿಗೆಯ ಮಧ್ಯಾಹ್ನ ಬರಿಗಾಲಲ್ಲಿ ತಾರಸಿಗೆ ಹೋಗಿ ನೋಡಿ. ಕಾಲೂರಲು ಆಗದು. ಆ ಹೊತ್ತಿಗೆ ಹವಾಮಾನ ಕೇಂದ್ರ 35 ಡಿಗ್ರಿ ಸೆಲ್ಸಿಯಸ್ ಎಂದು ದಾಖಲಿಸಿರಬಹುದು. 35 ಡಿಗ್ರಿಯ ನೀರು ಉಗುರುಬೆಚ್ಚಗಷ್ಟೇ ಇರುತ್ತದೆ. ಹಾಗಾದರೆ ಕಾಲು ಸುಟ್ಟದ್ದೇಕೆ?

ಕೇಂದ್ರ ಅಳೆಯುವುದು ಗಾಳಿಯ ಉಷ್ಣತೆಯನ್ನು. ಅದೂ ನೆರಳಿನಲ್ಲಿ, ನೆಲದಿಂದ ಒಂದೆರಡು ಮೀಟರ್ ಎತ್ತರದಲ್ಲಿ. ನಿಮ್ಮ ಕಾಲು ಅಳೆದದ್ದು ಮೇಲ್ಮೈಯ ಉಷ್ಣತೆಯನ್ನು. ಉಪಗ್ರಹ ಅಳೆಯುವುದೂ ಇದನ್ನೇ. ಪತ್ರಿಕೆಗಳಲ್ಲಿ ಬರುವ ಕೆಂಪು-ನೀಲಿ ನಕ್ಷೆಗಳನ್ನು ನೋಡುವಾಗ ಈ ವ್ಯತ್ಯಾಸ ಮರೆತುಹೋಗುತ್ತದೆ.

2013ರಲ್ಲಿ ಹಾರಿದ ಲ್ಯಾಂಡ್‌ಸ್ಯಾಟ್-8 ಸುಮಾರು 705 ಕಿಲೋಮೀಟರ್ ಎತ್ತರದಿಂದ, ಭೂಮಿ ಹೊಮ್ಮಿಸುವ ಅವಕೆಂಪು ವಿಕಿರಣವನ್ನು ಗ್ರಹಿಸುತ್ತದೆ. ಅದರ ಉಷ್ಣ ಸಂವೇದಕಕ್ಕೆ ಕಾಣುವ ಒಂದು ಚೌಕ 100 ಮೀಟರ್ ಉದ್ದ, ಅಷ್ಟೇ ಅಗಲ. 240 ಎಕರೆಯ ಲಾಲ್‌ಬಾಗ್ ಅದರ ಪಾಲಿಗೆ ಬರೀ 97 ಚೌಕ! ಬೀದಿ ಬದಿಯ ಒಂಟಿ ಹೊಂಗೆಮರವಂತೂ ಲೆಕ್ಕಕ್ಕೇ ಸಿಗದು. ಪಕ್ಕದ ಮನೆ, ಡಾಂಬರುಗಳ ಜೊತೆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹೊಳೆಯುವ ತಗಡಿನ ಮಾಡಿನದು ಇನ್ನೊಂದು ತಮಾಷೆ. ಮುಟ್ಟಿದರೆ ಕೈ ಸುಡುತ್ತದೆ, ಆದರೆ ಅದು ವಿಕಿರಣ ಹೊಮ್ಮಿಸುವುದು ಕಡಿಮೆ. ತಿದ್ದುಪಡಿ ಮಾಡದಿದ್ದರೆ ನಕ್ಷೆಯಲ್ಲಿ ಅದು ತಂಪಾಗಿ ಕಾಣುತ್ತದೆ.

ಗಂಟೆಯೂ ಮುಖ್ಯ. ಲ್ಯಾಂಡ್‌ಸ್ಯಾಟ್ ನಮ್ಮ ಮೇಲೆ ಹಾಯುವುದು ಬೆಳಗಿನ ಹತ್ತು, ಹತ್ತೂವರೆಯ ಸುಮಾರಿಗೆ. ಏಪ್ರಿಲ್‌ನಲ್ಲಿ ಊರಾಚೆಯ ಹೊಲಗಳು ಬೆಳೆಯಿಲ್ಲದೆ ಒಣಗಿರುತ್ತವೆ. ಆವಿಯಾಗಲು ನೀರಿಲ್ಲದ ಬರಿಮಣ್ಣು ಬೇಗ ಕಾಯುತ್ತದೆ. ನಗರದಲ್ಲಾದರೋ ಉದ್ಯಾನಗಳಿಗೆ, ಕೈತೋಟಗಳಿಗೆ ನೀರುಂಟು. ಹಾಗಾಗಿ ಭಾರತದ ಅನೇಕ ನಗರಗಳು ಬೇಸಿಗೆಯ ಹಗಲಿನ ಉಪಗ್ರಹ ಚಿತ್ರಗಳಲ್ಲಿ ಸುತ್ತಲಿನ ಹೊಲಗಳಿಗಿಂತ ತಂಪಾಗಿಯೇ ಕಾಣುತ್ತವೆ. ಅದನ್ನಷ್ಟೇ ನೋಡಿ ನಗರಕ್ಕೆ ಬಿಸಿಯ ತೊಂದರೆಯಿಲ್ಲ ಎಂದರೆ, ಮರ ಕಡಿಯುವವರಿಗೆ ನಾವೇ ನೆಪ ಕೊಟ್ಟಂತೆ.

ಸೂರ್ಯ ಮುಳುಗಿದ ಮೇಲೆ ಚಿತ್ರ ಬದಲಾಗುತ್ತದೆ. ಹೊಲದ ಒಣಮಣ್ಣು ಬೇಗ ತಣಿಯುತ್ತದೆ. ಕಾಂಕ್ರೀಟು, ಡಾಂಬರು ಹಗಲೆಲ್ಲ ಕೂಡಿಟ್ಟ ಶಾಖವನ್ನು ನಿಧಾನವಾಗಿ ಬಿಡುತ್ತವೆ. ನಗರದ ಉಷ್ಣದ್ವೀಪ ಎದ್ದುಕಾಣುವುದು ಆಗ. 1999ರ ಟೆರಾ, 2002ರ ಆಕ್ವಾ ಉಪಗ್ರಹಗಳ ಮೋಡಿಸ್ ಉಪಕರಣಗಳು ರಾತ್ರಿಯ ಉಷ್ಣತೆಯನ್ನೂ ದಾಖಲಿಸಿರುವುದರಿಂದ ಅವುಗಳ ದತ್ತಾಂಶಕ್ಕೆ ಬೆಲೆ ಬಂದಿದೆ. ಚೌಕ ಮಾತ್ರ ಒಂದು ಕಿಲೋಮೀಟರಿನಷ್ಟು ದೊಡ್ಡದು. ಉಪಗ್ರಹಗಳಿಲ್ಲದ ಕಾಲದಲ್ಲೇ ಲ್ಯೂಕ್ ಹೋವರ್ಡ್ ಲಂಡನ್ನಿನ ಹವೆಯನ್ನು ಹಳ್ಳಿಗಾಡಿನ ಹವೆಯೊಡನೆ ಹೋಲಿಸಿದ್ದ. ರಾತ್ರಿ ನಗರವೇ ಬೆಚ್ಚಗೆ, ಹಗಲು ಮಾತ್ರ ತುಸು ತಂಪು ಎಂಬುದು ಅವನಿಗೆ ಕಂಡಿತ್ತು. ಅವನ ಬಳಿ ಇದ್ದದ್ದು ಉಷ್ಣತಾಮಾಪಕಗಳಷ್ಟೆ.

ಲ್ಯಾಂಡ್‌ಸ್ಯಾಟ್ ದತ್ತಾಂಶ 2008ರಿಂದ ಎಲ್ಲರಿಗೂ ಉಚಿತ. ನಿಮ್ಮ ಊರಿನ ಚಿತ್ರ ಇಳಿಸಿಕೊಂಡಾಗ ಮೊದಲು ದಿನಾಂಕ, ಗಂಟೆ ಬರೆದುಕೊಳ್ಳಿ. ಜೊತೆಗೆ ಶಾಲೆಯ ಅಂಗಳದ ಮರದ ನೆರಳಲ್ಲೊಂದು, ಪೇಟೆಯ ಯಾವುದಾದರೂ ಮನೆಯ ನೆರಳಲ್ಲೊಂದು ಉಷ್ಣತಾಮಾಪಕ ತೂಗುಹಾಕಿ, ರಾತ್ರಿ ಒಂಬತ್ತಕ್ಕೆ ಓದಿ ನೋಡಿ.