ಕೈಗಾ ಯಾವ ಪಟ್ಟಿಯಲ್ಲಿದೆ?

ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಡದಲ್ಲಿರುವ ಕೈಗಾ ಅಣುವಿದ್ಯುತ್ ಕೇಂದ್ರದಲ್ಲಿ ತಲಾ 220 ಮೆಗಾವಾಟ್ ಸಾಮರ್ಥ್ಯದ ನಾಲ್ಕು ಘಟಕಗಳಿದ್ದು, ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ನಡೆದು ವಿಶ್ವದಾಖಲೆ ಮಾಡಿದ ಸಂಗತಿ ನಾಡಿಗೆಲ್ಲ ಗೊತ್ತಾಯಿತು. ಆದರೆ ಈ ನಾಲ್ಕೂ ಘಟಕಗಳು ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣೆಗೆ ಒಳಪಡದ ಪಟ್ಟಿಯಲ್ಲಿವೆ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. 2006ರಲ್ಲಿ ಭಾರತ, ನಡೆಯುತ್ತಿದ್ದ ಹಾಗೂ ಕಟ್ಟಲಾಗುತ್ತಿದ್ದ ತನ್ನ 22 ವಿದ್ಯುತ್ ರಿಯಾಕ್ಟರುಗಳನ್ನು ಎರಡು ಪಾಲು ಮಾಡಿ, 14ನ್ನು ತಪಾಸಣೆಗೆ ತೆರೆದಿಡುವುದಾಗಿ ಒಪ್ಪಿಕೊಂಡಿತು. ಹೊರಗುಳಿದ ಎಂಟರಲ್ಲಿ ಕೈಗಾದ ನಾಲ್ಕು, ತಾರಾಪುರದ ಎರಡು, ಕಲ್ಪಾಕ್ಕಂನ ಎರಡು ಸೇರಿದ್ದವು. ವಿದ್ಯುತ್ತಿಗಾಗಿಯೇ ಕಟ್ಟಿದ ಕೇಂದ್ರವೊಂದನ್ನು ಹೀಗೆ ಪರರ ಕಣ್ಣಿನಿಂದ ದೂರವಿಟ್ಟದ್ದೇಕೆ ಎಂಬುದನ್ನು ಅರಿಯದೆ ಭಾರತದ ಅಣುಶಕ್ತಿಯ ರಾಜಕೀಯವಾಗಲಿ ಅದರ ಆಯವ್ಯಯವಾಗಲಿ ಅರ್ಥವಾಗುವುದಿಲ್ಲ.

ಕಾರಣವಿರುವುದು ಇಂಧನದಲ್ಲಿ. ನೆಲದಿಂದ ತೆಗೆದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಸುಲಭವಾಗಿ ಸೀಳಿ ಶಾಖ ಕೊಡುವ ಯುರೇನಿಯಂ-235 ಇರುವುದು ಸುಮಾರು ಏಳು ಮಾತ್ರ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ-238. ಬಹುಪಾಲು ದೇಶಗಳು ಆ ಏಳನ್ನು ಮೂವತ್ತರಿಂದ ಐವತ್ತರವರೆಗೆ ಹೆಚ್ಚಿಸಿ, ಅಂದರೆ ಯುರೇನಿಯಂ ಅನ್ನು ಪುಷ್ಟೀಕರಿಸಿ, ಸಾಮಾನ್ಯ ನೀರಿನ ರಿಯಾಕ್ಟರುಗಳಲ್ಲಿ ಬಳಸುತ್ತವೆ. ಆ ತಂತ್ರಜ್ಞಾನ ಕೆಲವೇ ರಾಷ್ಟ್ರಗಳ ಹಿಡಿತದಲ್ಲಿದ್ದುದರಿಂದ ಭಾರತವು ನೈಸರ್ಗಿಕ ಯುರೇನಿಯಂ ಅನ್ನೇ ಉರಿಸಬಲ್ಲ ಭಾರಜಲದ ರಿಯಾಕ್ಟರನ್ನು ಆರಿಸಿಕೊಂಡಿತು. ಜಲಜನಕದ ಜಾಗದಲ್ಲಿ ಅದಕ್ಕಿಂತ ಭಾರವಾದ ಡ್ಯುಟೀರಿಯಂ ಇರುವ ನೀರೇ ಭಾರಜಲ. ಅದು ನ್ಯೂಟ್ರಾನ್‌ಗಳ ವೇಗ ತಗ್ಗಿಸುತ್ತದೆ, ಆದರೆ ಸಾಮಾನ್ಯ ನೀರಿನಂತೆ ಅವನ್ನು ಹೀರಿಕೊಳ್ಳುವುದಿಲ್ಲ. ರಿಯಾಕ್ಟರಿನೊಳಗೆ ಯುರೇನಿಯಂ-238 ಒಂದು ನ್ಯೂಟ್ರಾನ್ ನುಂಗಿ ಕ್ರಮೇಣ ಪ್ಲುಟೋನಿಯಂ-239 ಆಗುತ್ತದೆ. ಇಂಧನವನ್ನು ಬೇಗ ಹೊರತೆಗೆದರೆ ಬಾಂಬಿಗೆ ಒಗ್ಗುವ ಪ್ಲುಟೋನಿಯಂ ದೊರೆಯುತ್ತದೆ. ವಿದ್ಯುತ್ತಿಗಾಗಿ ದೀರ್ಘಕಾಲ ಉರಿಸಿದರೆ ಪ್ಲುಟೋನಿಯಂನ ಇತರ ಬಗೆಗಳು ಬೆರೆತು ಆ ಬಳಕೆ ತೊಡಕಾಗುತ್ತದೆ. ಕೈಗಾದಂಥ ರಿಯಾಕ್ಟರಿನಲ್ಲಿ, ಅದು ನಡೆಯುತ್ತಿರುವಾಗಲೇ ಇಂಧನ ಬದಲಿಸಬಹುದಾದ್ದರಿಂದ, ಯಾವಾಗ ಹೊರತೆಗೆಯಬೇಕೆಂಬುದು ನಡೆಸುವವರ ಕೈಯಲ್ಲೇ ಇದೆ. ಕೈಗಾ ಆ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಅಲ್ಲಿ ಬಾಂಬಿನ ಸಾಮಗ್ರಿ ತಯಾರಾಗುತ್ತಿದೆ ಎಂದು ಹೇಳಲಾಗದು. ಆ ಸಾಧ್ಯತೆಯನ್ನು ದೇಶ ಬಿಟ್ಟುಕೊಟ್ಟಿಲ್ಲ ಎಂದಷ್ಟೇ ಅದರ ಅರ್ಥ.

ಈ ಇಬ್ಬಗೆ ಹೊಸದಲ್ಲ. ಮೊದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ಅವರ ಮುಂದಾಳತ್ವದಲ್ಲಿ 1948ರಲ್ಲಿ ಅಣುಶಕ್ತಿ ಆಯೋಗ ರೂಪುಗೊಂಡಾಗಿನಿಂದ ವಿದ್ಯುತ್ತೇ ಅದರ ಘೋಷಿತ ಗುರಿಯಾಗಿತ್ತು. ಕೆನಡಾ ಕೊಟ್ಟ, ಅಮೆರಿಕದ ಭಾರಜಲ ತುಂಬಿದ ಸೈರಸ್ ಎಂಬ ಸಂಶೋಧನಾ ರಿಯಾಕ್ಟರು 1960ರಲ್ಲಿ ಟ್ರಾಂಬೆಯಲ್ಲಿ ಆರಂಭವಾದದ್ದು ಶಾಂತಿಯುತ ಬಳಕೆಯ ವಾಗ್ದಾನದ ಮೇಲೆ. ಅದೇ ರಿಯಾಕ್ಟರಿನ ಪ್ಲುಟೋನಿಯಂ 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಯಿತು. ಆ ಕಾರ್ಯದ ನೇತೃತ್ವ ವಹಿಸಿದವರು ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣ. ಸರ್ಕಾರ ಅದನ್ನು ‘ಶಾಂತಿಯುತ ಪರಮಾಣು ಸ್ಫೋಟ’ ಎಂದು ಕರೆಯಿತು. ಕೆನಡಾ ಈ ವಿವರಣೆಯನ್ನು ಒಪ್ಪಲಿಲ್ಲ, ಒಪ್ಪದಿರಲು ಅದಕ್ಕೆ ಕಾರಣವೂ ಇತ್ತು: ಶಾಂತಿಯ ಸ್ಫೋಟಕ್ಕೂ ಬಾಂಬಿಗೂ ಇರುವ ಅಂತರ ಉದ್ದೇಶದ್ದೇ ಹೊರತು ಸಾಮಗ್ರಿಯದಲ್ಲ.

ಆ ಸ್ಫೋಟದ ಬೆಲೆ ತೆತ್ತದ್ದು ವಿದ್ಯುತ್ ಯೋಜನೆ. ಕೆನಡಾ ನೆರವು ನಿಲ್ಲಿಸಿದ್ದರಿಂದ ರಾಜಸ್ಥಾನದ ಎರಡನೆಯ ಘಟಕ ಮುಗಿಯಲು 1981 ಬರಬೇಕಾಯಿತು. ಅಣುಸಾಮಗ್ರಿ ಮಾರುವ ದೇಶಗಳು ಒಂದಾಗಿ ಪೂರೈಕೆದಾರರ ಕೂಟ ಕಟ್ಟಿಕೊಂಡವು. ತಾರಾಪುರಕ್ಕೆ ಬರುತ್ತಿದ್ದ ಅಮೆರಿಕದ ಇಂಧನವೂ ನಿಂತಿತು. ಈ ದಿಗ್ಬಂಧನದ ನಡುವೆ ಭಾರಜಲದಿಂದ ಹಿಡಿದು ಇಂಧನ ಕೊಳವೆಗಳವರೆಗೆ ಎಲ್ಲವನ್ನೂ ಇಲ್ಲಿಯೇ ತಯಾರಿಸಲು ಕಲಿತ ಎಂಜಿನಿಯರುಗಳ ಸಾಧನೆ ನಿಜಕ್ಕೂ ದೊಡ್ಡದು. ಆದರೂ 2000ದ ಹೊತ್ತಿಗೆ 10,000 ಮೆಗಾವಾಟ್ ಆಗಬೇಕೆಂಬ ಗುರಿಯಿದ್ದ ಸಾಮರ್ಥ್ಯ, ಕೈಗಾದ ಮೊದಲ ಎರಡು ಘಟಕಗಳನ್ನು ಸೇರಿಸಿಕೊಂಡರೂ, 3,000 ಮೆಗಾವಾಟ್ ಮುಟ್ಟಲಿಲ್ಲ. ಜಾದುಗುಡದಂಥ ಗಣಿಗಳ ಅದಿರಿನಲ್ಲಿ ಯುರೇನಿಯಂ ಅಂಶ ತೀರ ಕಡಿಮೆಯಾದ್ದರಿಂದ, 2008ರ ಸುಮಾರಿಗೆ ಇಂಧನ ಸಾಲದೆ ದೇಶದ ರಿಯಾಕ್ಟರುಗಳು ಅರ್ಧದಷ್ಟು ಸಾಮರ್ಥ್ಯದಲ್ಲಿ ನಡೆಯಬೇಕಾಯಿತು.

1998ರ ಪರೀಕ್ಷೆಗಳ ಬಳಿಕ ಅಣ್ವಸ್ತ್ರ ರಾಷ್ಟ್ರವೆಂದು ಸಾರಿಕೊಂಡಿದ್ದ ಭಾರತಕ್ಕೆ, ಶಸ್ತ್ರವನ್ನು ಉಳಿಸಿಕೊಂಡೇ ಇಂಧನವನ್ನೂ ಪಡೆಯುವ ದಾರಿಯಾಗಿ ಒದಗಿದ್ದು, 2006ರ ಆ ವಿಂಗಡಣೆಗೆ ಕಾರಣವಾದ, ಅಮೆರಿಕದೊಂದಿಗಿನ ಅಣು ಒಪ್ಪಂದ. ಅದಕ್ಕಾಗಿ ಮನಮೋಹನ್ ಸಿಂಗ್ ಸರ್ಕಾರ ಎಡಪಕ್ಷಗಳ ಬೆಂಬಲ ಕಳೆದುಕೊಂಡು, 2008ರ ಜುಲೈ 22ರಂದು 275–256 ಮತಗಳಿಂದ ವಿಶ್ವಾಸಮತ ಗೆದ್ದಿತು. ಸೆಪ್ಟೆಂಬರ್‌ನಲ್ಲಿ ಪೂರೈಕೆದಾರರ ಕೂಟ ವಿನಾಯಿತಿ ನೀಡಿತು. ವಿದೇಶಿ ಯುರೇನಿಯಂ ಬರತೊಡಗಿತು, ಆದರೆ ತಪಾಸಣೆಗೆ ತೆರೆದ ರಿಯಾಕ್ಟರುಗಳಿಗೆ ಮಾತ್ರ. ಕೈಗಾ ಇಂದಿಗೂ ದೇಶದ ಗಣಿಗಳ ಯುರೇನಿಯಂ ಅನ್ನೇ ನೆಚ್ಚಿಕೊಂಡಿದೆ.

ಇಲ್ಲಿಯೇ ಆಯವ್ಯಯದ ಪ್ರಶ್ನೆ ಏಳುತ್ತದೆ. ಭಾರಜಲ ಘಟಕಗಳು, ಬಳಸಿದ ಇಂಧನದಿಂದ ಪ್ಲುಟೋನಿಯಂ ಬೇರ್ಪಡಿಸುವ ಮರುಸಂಸ್ಕರಣಾ ಘಟಕಗಳು, 2004ರಲ್ಲಿ ಕಟ್ಟಲಾರಂಭಿಸಿ 2024ರ ಮಾರ್ಚ್‌ನಲ್ಲಷ್ಟೇ ಒಡಲು ತುಂಬಿಸಿಕೊಳ್ಳಲು ಮೊದಲಿಟ್ಟ, ಉರಿಸುವುದಕ್ಕಿಂತ ಹೆಚ್ಚು ಇಂಧನ ಹುಟ್ಟಿಸಬಲ್ಲ ಕಲ್ಪಾಕ್ಕಂನ 500 ಮೆಗಾವಾಟಿನ ಬ್ರೀಡರ್ ರಿಯಾಕ್ಟರು, ಇವೆಲ್ಲ ಒಂದೇ ಇಲಾಖೆಯ ಸೂರಿನಡಿ ಇವೆ. ಇವುಗಳ ವೆಚ್ಚದಲ್ಲಿ ವಿದ್ಯುತ್ತಿನ ಪಾಲೆಷ್ಟು, ಶಸ್ತ್ರದ ಪಾಲೆಷ್ಟು ಎಂಬುದು ಜನರ ಮುಂದೆ ಬಂದಿಲ್ಲ. ಮಾಹಿತಿಯನ್ನು ಮುಚ್ಚಿಡಲು 1962ರ ಅಣುಶಕ್ತಿ ಕಾಯಿದೆಯೇ ಅವಕಾಶ ಕೊಟ್ಟಿತ್ತು. ಹೀಗಿರುವಾಗ ಅಣುವಿದ್ಯುತ್ ಅಗ್ಗವೆಂಬ ಮಾತಿಗೂ ದುಬಾರಿಯೆಂಬ ಮಾತಿಗೂ ಗಟ್ಟಿ ಆಧಾರ ಸಿಗುವುದಿಲ್ಲ. ದೇಶದ ಒಟ್ಟು ವಿದ್ಯುತ್ತಿನಲ್ಲಿ ಸುಮಾರು ಶೇ. 3ರಷ್ಟನ್ನು ಮಾತ್ರ ಕೊಡುತ್ತಿರುವ ಈ ವಲಯವನ್ನು 2047ಕ್ಕೆ 100 ಗಿಗಾವಾಟ್, ಅಂದರೆ ಒಂದು ಲಕ್ಷ ಮೆಗಾವಾಟಿಗೆ ಏರಿಸುವುದಾಗಿ 2025ರ ಮುಂಗಡಪತ್ರ ಘೋಷಿಸಿರುವಾಗ ಮಾಹಿತಿಯ ಈ ಕೊರತೆ ಸಣ್ಣದಲ್ಲ.

ಕೈಗಾ ಬಗ್ಗೆ ಪ್ರಶ್ನೆಗಳು ಹಿಂದೆಯೂ ಎದ್ದಿದ್ದವು. ಸಾಹಿತಿ ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿರೋಧವನ್ನು ಮುಂದಿಟ್ಟುಕೊಂಡು ಲೋಕಸಭಾ ಚುನಾವಣೆಗೆ ನಿಂತು ಸೋತರು. 1994ರ ಮೇ ತಿಂಗಳಲ್ಲಿ, ಇನ್ನೂ ಕಟ್ಟಲಾಗುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಭಾಗ ಕುಸಿದುಬಿತ್ತು. ಅಂದಿನ ಚರ್ಚೆ ನಡೆದದ್ದು ಹೆಚ್ಚಾಗಿ ಕಾಡು, ನದಿ, ವಿಕಿರಣಗಳ ಸುತ್ತ, ಅದು ಸಹಜವೂ ಆಗಿತ್ತು. ಈಗ ಅಲ್ಲಿಯೇ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳ ಕೆಲಸ ಸಾಗಿರುವಾಗ, ಕಾಳಿ ಕೊಳ್ಳದ ಜನರಿಗೆ, ಅವರ ಪರವಾಗಿ ವಿಧಾನಸಭೆ ಮತ್ತು ಸಂಸತ್ತಿನಲ್ಲಿ ಕುಳಿತವರಿಗೆ, ವಿದ್ಯುತ್ತಿನ ಲೆಕ್ಕವನ್ನೂ ಶಸ್ತ್ರದ ಲೆಕ್ಕವನ್ನೂ ಬೇರೆಬೇರೆಯಾಗಿ ಕೇಳುವ ಹಕ್ಕಿದೆ. ಅದನ್ನು ಅವರು ಕೇಳಬೇಕು.