ಜೀವಕೋಶದ ಸಹನೆಗೂ ಒಂದು ಮೇರೆ

ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ್ವರ ಮಠದ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಕಾಳುಕಡಿಯನ್ನಾಗಲಿ ಕಾಣಿಕೆಯನ್ನಾಗಲಿ ಬೇಡಲಿಲ್ಲ. ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. 2018ರಲ್ಲಿ ಶ್ರೀಗಳು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನವೆನಿಸಿದೆ. ಸೆರೆ ಬಿಟ್ಟವನ ಸಂಸಾರ ಉಳಿಯಿತೆಂಬುದನ್ನು ಎಲ್ಲರೂ ಬಲ್ಲರು. ಅವನ ಒಡಲೊಳಗೆ ಏನು ಉಳಿಯಿತೆಂಬುದನ್ನು ಬಲ್ಲವರು ವಿರಳ. ಅದನ್ನು ವಾಚಕರಿಗೆ ನಿವೇದಿಸುವುದೇ ಈ ಲೇಖನದ ಉದ್ದೇಶ.

ಸಕಲ ರೋಗಗಳ ಮೂಲವನ್ನು ಜೀವಕೋಶದಲ್ಲಿಯೇ ಅರಸಬೇಕೆಂದು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಶೊ 1858ರಲ್ಲಿ ಪ್ರತಿಪಾದಿಸಿದನು. ಆಮ್ಲಜನಕದ ಕೊರತೆ, ವಿಷ, ರೋಗಾಣು, ಇವುಗಳಲ್ಲಿ ಯಾವುದು ತಾಗಿದರೂ ಕೋಶವು ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ. ಮೊದಲು ಅದರ ಶಕ್ತಿ ಕುಂದುತ್ತದೆ. ಸೋಡಿಯಂ ಲವಣವನ್ನು ಸದಾ ಹೊರಹಾಕುತ್ತಿದ್ದ ಪೊರೆಯ ಪಂಪು ಸೋಲುತ್ತದೆ. ಲವಣದ ಬೆನ್ನಿಗೆ ನೀರು ಒಳನುಗ್ಗಿ ಕೋಶ ಉಬ್ಬುತ್ತದೆ. ಈ ಹಂತದಲ್ಲಿ ಪೆಟ್ಟು ನಿಂತರೆ ಕೋಶ ಚೇತರಿಸಿಕೊಳ್ಳಬಲ್ಲದು. ಮೇರೆ ಮೀರಿದರೆ ಪೊರೆ ಹರಿದು, ಒಳಗಿನ ಪಾಚಕರಸಗಳು ಕೋಶವನ್ನೇ ಜೀರ್ಣಿಸತೊಡಗುತ್ತವೆ. ಕೋಶಕೇಂದ್ರ ಮುರುಟಿ ಅಳಿಯುತ್ತದೆ. ಅಲ್ಲಿಂದ ಹಿಂದಿರುಗುವ ದಾರಿಯಿಲ್ಲ.

ಈ ಮೇರೆ ಎಲ್ಲ ಅಂಗಗಳಿಗೂ ಒಂದೇ ಅಲ್ಲ. ರಕ್ತ ನಿಂತರೆ ಮಿದುಳಿನ ಕೋಶ ತಾಳುವುದು 3ರಿಂದ 5 ನಿಮಿಷ; ಹೃದಯದ ಸ್ನಾಯು ಸುಮಾರು ಅರ್ಧ ಗಂಟೆ. ಎದೆನೋವು ಬಂದವರನ್ನು ಬಾದಾಮಿಯಿಂದ ಬಾಗಲಕೋಟೆಗೆ ಸಾಗಿಸಲು ಬೆಳಗಾಗಲೆಂದು ಕಾಯುವವರು ಈ ಲೆಕ್ಕವನ್ನು ನೆನೆಯಬೇಕು.

ಯಕೃತ್ತು ಮಾತ್ರ ಮಹಾ ಸಹನಶೀಲ ಅಂಗ. ಕರುಳಿನಿಂದ ಬಂದ ಆಹಾರಸಾರದಲ್ಲಿ ಬಹುಪಾಲು ಮೊದಲು ಅದರ ಅಂಗಳಕ್ಕೆ ಬರುತ್ತದೆ. ಅಲ್ಲಿ ಸೇರುವ ಕೊಬ್ಬಿನಲ್ಲಿ ಸ್ವಲ್ಪ ಉರಿದು ಶಕ್ತಿಯಾಗುತ್ತದೆ. ಉಳಿದದ್ದು ಪ್ರೋಟೀನಿನ ಹೊದಿಕೆ ತೊಟ್ಟು ರಕ್ತದ ಮೂಲಕ ಹೊರಹೋಗುತ್ತದೆ. ಕೆರೆಯ ಒಳಹರಿವು ಹೆಚ್ಚಿ, ಬಳಕೆ ತಗ್ಗಿ, ತೂಬು ಕಟ್ಟಿಕೊಂಡರೆ ಏನಾದೀತೋ ಇಲ್ಲಿಯೂ ಅದೇ. ಮದ್ಯವು ಈ ಮೂರೂ ಕೇಡನ್ನು ಒಟ್ಟಿಗೆ ಮಾಡುತ್ತದೆ. ಕೊಬ್ಬಿನ ಹನಿಗಳು ಕೂಡಿ ದೊಡ್ಡದಾಗಿ ಕೋಶಕೇಂದ್ರವನ್ನು ಮೂಲೆಗೊತ್ತುತ್ತವೆ. ಪರೀಕ್ಷೆಗಾಗಿ ಅಂಗಾಂಶವನ್ನು ಸಿದ್ಧಗೊಳಿಸುವಾಗ ಬಳಸುವ ದ್ರಾವಣಗಳಲ್ಲಿ ಕೊಬ್ಬು ಕರಗಿಹೋಗುವುದರಿಂದ, ಸೂಕ್ಷ್ಮದರ್ಶಕದಡಿ ಕಾಣುವುದು ಬರಿಯ ಬಿಳಿ ತೂತುಗಳು! ಯಕೃತ್ತು ಹಿಗ್ಗಿ ಹಳದಿಯಾಗಿ ಜಿಡ್ಡುಗಟ್ಟುತ್ತದೆ. ಆದರೂ ಬಹುಮಂದಿಗೆ ನೋವಿಲ್ಲ, ಅರಿವೂ ಇಲ್ಲ.

ಕುಡಿತ ನಿಂತರೆ ಈ ಕೊಬ್ಬು ಕೆಲವೇ ವಾರಗಳಲ್ಲಿ ಕರಗಬಲ್ಲದು. ಸಕಾಲದಲ್ಲಿ ಜೋಳಿಗೆಗೆ ಚಟವನ್ನೊಪ್ಪಿಸಿದವನಿಗೆ ದೊರೆತ ಕಾಣದ ಪ್ರಸಾದವಿದು. ನಿಲ್ಲದಿದ್ದರೆ ಹಲವರಲ್ಲಿ ಕೋಶಗಳು ಉರಿಯೂತಕ್ಕೆ ಸಿಲುಕಿ ಸಾಯುತ್ತವೆ. ಆ ಜಾಗದಲ್ಲಿ ಗಾಯದ ನಾರು ಬೆಳೆದು ಯಕೃತ್ತು ಗಂಟುಗಂಟಾಗಿ ಗಡುಸಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿ, ಕಣ್ಣು ಹಳದಿಯಾದ ಮೇಲೆ ಬಿಟ್ಟರೂ ಆಯುಷ್ಯ ಹೆಚ್ಚೀತು, ಆದರೆ ಹಳೆಯ ಯಕೃತ್ತು ಪೂರ್ಣವಾಗಿ ಮರಳಲಾರದು. ಬಹುಕಾಲ ನಿತ್ಯ ಕುಡಿದವರು ವೈದ್ಯರ ನೆರವಿನಿಂದಲೇ ಬಿಡಬೇಕು. ಒಮ್ಮೆಲೇ ಬಿಟ್ಟರೆ ಕೆಲವರಿಗೆ ಸೆಳವು ಬರುವುದುಂಟು.

ಕುಡಿಯದವರೂ, ಶಾಕಾಹಾರಿಗಳೂ ತಮಗೆ ಈ ರೋಗವಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಬೊಜ್ಜು ಮತ್ತು ಸಕ್ಕರೆ ಕಾಯಿಲೆಗಳ ಜೊತೆಗೇ ಯಕೃತ್ತಿನ ಕೊಬ್ಬೂ ಬರುತ್ತದೆ. ಹುನಗುಂದ ಸೀಮೆಯ ಅಮೀನಗಡದ ಕರದಂಟು ಬಾಣಂತಿಗೂ ಹೊಲದಲ್ಲಿ ದುಡಿಯುವವನಿಗೂ ತಕ್ಕುದು. ಅಂಗಡಿಯ ಗಾದಿಯ ಮೇಲೆ ದಿನವಿಡೀ ಕುಳಿತವನಿಗೆ ಅದರ ಬೆಲ್ಲ ತುಪ್ಪಗಳು ಎಲ್ಲಿ ಕರಗಬೇಕು? ವಿಚಿತ್ರವೆಂದರೆ ಹಸಿದ ಕೂಸಿಗೂ ಇದು ಬರುತ್ತದೆ: ಪ್ರೋಟೀನು ಸಾಲದೆ ಮೈ ಬಾತ ಮಗುವಿನ ಯಕೃತ್ತಿನಲ್ಲಿ ಕೊಬ್ಬನ್ನು ಹೊರಸಾಗಿಸುವ ಹೊದಿಕೆಯೇ ಇರುವುದಿಲ್ಲ.

ಬೊಜ್ಜುಳ್ಳವರು ದೇಹದ ತೂಕದಲ್ಲಿ ನೂರಕ್ಕೆ 7ರಿಂದ 10 ಪಾಲನ್ನು ನಿಧಾನವಾಗಿ ಇಳಿಸಿದರೆ ಕೊಬ್ಬೂ ಉರಿಯೂತವೂ ತಗ್ಗುತ್ತವೆ. ರಕ್ತಪರೀಕ್ಷೆ ಸರಿಯಿದ್ದ ಮಾತ್ರಕ್ಕೆ ಕೊಬ್ಬಿಲ್ಲವೆಂದು ತಿಳಿಯಲಾಗದು. ಸಕ್ಕರೆ ಕಾಯಿಲೆಯವರು ಬಾಗಲಕೋಟೆಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಸಮೀಪದ ಇನ್ನಾವ ಆಸ್ಪತ್ರೆಗೋ ಹೋದಾಗ, ಯಕೃತ್ತಿನ ಸ್ಕ್ಯಾನಿಂಗ್ ಅಗತ್ಯವೇ ಎಂದು ವೈದ್ಯರನ್ನು ತಾವಾಗಿಯೇ ಕೇಳಬೇಕು.